ಐವತ್ತೈದರ ನಡುಕ

ನಮ್ಮಪ್ಪನ ಕೈ ನಡುಗುತ್ತದೆ ಎಂದು ಮೊದಲು ಬಾಯಿ ಬಿಟ್ಟವನು ಚೈತನ್ಯ. ಪಿಕಪ್ಪನ್ನು ನಾಲ್ಕು ಇಂಚು ಎತ್ತರ ಮಾಡಿಸಿದ್ದು ಅವನು. ಅದಕ್ಕೆ ಎಮ್ಮೆ ಹೊಟ್ಟೆಯಷ್ಟು ದಪ್ಪದ ಟಯರು ಹಾಕಿಸಿದ್ದು ಅವನು. ಭಾನುವಾರ ಗೆಳೆಯರನ್ನು ತುಂಬಿಕೊಂಡು ಬೆಟ್ಟ ಹತ್ತಿಸಿ, ಕೆಸರಲ್ಲಿ ಹೊರಳಾಡಿಸಿ, ವಿಡಿಯೋ ತೆಗೆದು, ಸೋಮವಾರ ಬೆಳಗ್ಗೆ ಅದೇ ಗಾಡಿಯನ್ನು ರೇಷ್ಮೆಗೂಡು ಸಾಗಿಸಲು ನಮ್ಮಪ್ಪನಿಗೆ ಕೊಡುತ್ತಿದ್ದವನೂ ಅವನೇ. ಗಾಡಿ ನಡುಗಿದಾಗ ಬೆರಳು ತೋರಿಸಿದ್ದು ಮಾತ್ರ ಮುದುಕನ ಕೈಗೆ.

ನಮ್ಮಪ್ಪ ವೆಂಕಟರಾಯಪ್ಪ ಕೆಂಚಾರ್ಲಹಳ್ಳಿಯ ರಮೇಶ್‌ಬಾಬು ಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಡ್ರೈವರು. ಇಪ್ಪತ್ತು ವರ್ಷ ಟ್ರ್ಯಾಕ್ಟರು ಓಡಿಸಿದ, ಆಮೇಲೆ ಈ ಪಿಕಪ್ಪು. ಚೈತನ್ಯ ರಮೇಶ್‌ಬಾಬು ಮಗ, ಕದಿರಮ್ಮ ರಮೇಶ್‌ಬಾಬು ತಾಯಿ. ಹೋದ ಗುರುವಾರ ಕದಿರಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಅಪ್ಪ ಚಿಂತಾಮಣಿಗೆ ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದ. ತೇಪೆ ಹಾಕಿದ ಟಾರಿನ ಮೇಲೆ ಒಂದು ಗುಂಡಿ ಹಾಯ್ದದ್ದೇ ತಡ, ಸ್ಟೀರಿಂಗು ಎಡಕ್ಕೂ ಬಲಕ್ಕೂ ಹುಚ್ಚು ಹಿಡಿದಂತೆ ಒದೆಯತೊಡಗಿತು. ಅಪ್ಪ ಬಿಗಿಯಾಗಿ ಹಿಡಿದ. ಹಿಡಿದಷ್ಟೂ ಒದೆತ ಹೆಚ್ಚಿತು. ಗಾಡಿ ರಸ್ತೆ ಬಿಟ್ಟು ಬದುವಿಗೆ ನುಗ್ಗಿ ನಿಂತಿತು. ಕದಿರಮ್ಮನ ಬಲಗೈ ಮುರಿಯಿತು.

ಮರುದಿನ ಚೈತನ್ಯ ಅದೇ ಗಾಡಿಯನ್ನು ಚಿಕ್ಕಬಳ್ಳಾಪುರದಿಂದ ಪೆರೇಸಂದ್ರದವರೆಗೆ ಹೈವೇಯಲ್ಲಿ ತೊಂಬತ್ತರಲ್ಲಿ ಓಡಿಸಿ ಬಂದು, ಒಂದೇ ಕೈಯಲ್ಲಿ ಹಿಡಿದಿದ್ದೆ, ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ ಎಂದ. ಟೀ ಲೋಟ ಹಿಡಿದಾಗ ಮುದುಕನ ಕೈ ನೋಡಿ, ಗೊತ್ತಾಗುತ್ತೆ ಎಂದ. ಅಪಘಾತ ಆದ ಮಾರನೇ ದಿನ ಯಾವನ ಕೈ ತಾನೇ ನಡುಗುವುದಿಲ್ಲ? ಅದನ್ನು ಕೇಳುವವರು ಆ ಮನೆಯಲ್ಲಿ ಇರಲಿಲ್ಲ. ಶನಿವಾರ ರಮೇಶ್‌ಬಾಬು ಅಪ್ಪನ ಹತ್ತಿರ ಕೀ ಇಸಕೊಂಡರು.

ಸುದ್ದಿ ಕೇಳಿ ನಾನು ಬೈಕು ಹತ್ತಿ ಅವರ ಮನೆ ಬಾಗಿಲಿಗೆ ಹೋದೆ. ಶಿಡ್ಲಘಟ್ಟದಿಂದ ಚಿಂತಾಮಣಿ ರಸ್ತೆಗೆ ಬಂದರೆ ಪೆಟ್ರೋಲ್ ಬಂಕಿನ ಆಚೆ ತಗಡಿನ ಶೆಡ್ಡು ಸಿಗುತ್ತದಲ್ಲ, ಅದು ನನ್ನ ಗ್ಯಾರೇಜು. ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟು ಸ್ಪ್ಯಾನರು ಹಿಡಿದವನು ನಾನು. ಓದಿದವರ ಹಾಗೆ ನಯವಾಗಿ ಮಾತಾಡಲು ಬರುವುದಿಲ್ಲ. ಬಂದದ್ದನ್ನೆಲ್ಲ ಬಾಯಿಗೆ ಬಂದಂತೆ ಅಂದೆ. ರಮೇಶ್‌ಬಾಬು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ತಪ್ಪು ಗಾಡೀದು ಅಂದ್ರೆ ನನ್ ಕಣ್ಣಿಗೆ ತೋರ್ಸಪ್ಪ ಮಧು. ಗಾಡಿ ತಗೊಂಡೋಗು. ನಾಳೆ ಸಾಯಂಕಾಲದವರ್ಗೂ ಟೈಮು. ಇಲ್ಲಾಂದ್ರೆ ಸೋಮವಾರದಿಂದ ಸಿದ್ಧಾರ್ಥ್ ಬರ್ತಾನೆ" ಎಂದರು. ಸಿದ್ಧಾರ್ಥ್ ಎಂದರೆ ಚಿಂತಾಮಣಿಯಲ್ಲಿ ಟೆಂಪೋ ಓಡಿಸುವ ಹುಡುಗ.

ಕೈ ನಡುಗುವ ಡ್ರೈವರು ಎಂಬ ಮಾತು ಒಂದು ಸಲ ಹೊರಬಿದ್ದರೆ ಮುಗಿಯಿತು. ಚಿಂತಾಮಣಿ, ಶಿಡ್ಲಘಟ್ಟ, ಅತ್ತ ಗೌರಿಬಿದನೂರಿನವರೆಗೂ ಅವನನ್ನು ಯಾರೂ ಸ್ಟೀರಿಂಗಿನ ಹಿಂದೆ ಕೂರಿಸುವುದಿಲ್ಲ. ಅಪ್ಪನಿಗೆ ಅರವತ್ತೊಂದು. ಗಾಡಿ ಓಡಿಸುವುದು ಬಿಟ್ಟು ಬೇರೇನೂ ಬರುವುದಿಲ್ಲ. ಬಸ್ಸಿನಲ್ಲಿ ಕೂತರೂ ಅವನ ಬಲಗಾಲು ತಾನಾಗಿ ಬ್ರೇಕು ತುಳಿಯುತ್ತದೆ.

ಭಾನುವಾರ ಬೆಳಗ್ಗೆ ಏಳಕ್ಕೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಓಡಿಸಿದೆ. ನಲವತ್ತರಲ್ಲಿ ಏನೂ ಇಲ್ಲ. ಎಂಬತ್ತರಲ್ಲಿ ಏನೂ ಇಲ್ಲ. ಅಪ್ಪ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದ. ನೀನು ಎಷ್ಟರಲ್ಲಿ ಹೋಗುತ್ತಿದ್ದೆ ಎಂದು ಕೇಳಿದೆ. ಗೂಡು ಹೇರಿದಾಗ ಹೋಗುವ ಐವತ್ತೈದೇ, ಅದೇ ನನ್ನ ಅಭ್ಯಾಸ ಎಂದ. ಐವತ್ತೈದಕ್ಕೆ ತಂದು, ಬೇಕೆಂದೇ ಒಂದು ಗುಂಡಿಗೆ ಇಳಿಸಿದೆ.

ಸ್ಟೀರಿಂಗು ನನ್ನ ಹೆಬ್ಬೆರಳಿಗೆ ಹೊಡೆಯಿತು. ಇಡೀ ಮುಂಭಾಗ ಬಡಬಡ ಬಡಿದುಕೊಂಡಿತು, ಡ್ಯಾಶ್‌ಬೋರ್ಡಿನ ಮೇಲಿದ್ದ ಕಾಗದಪತ್ರ ಹಾರಿ ಬಿತ್ತು. ಪೂರ್ತಿ ನಿಲ್ಲಿಸುವವರೆಗೂ ಅದು ನಿಲ್ಲಲಿಲ್ಲ. ನನಗೆ ಕುಣಿಯಬೇಕೆನಿಸಿತು. ಅಪ್ಪ ತೊಡೆಯ ಕೆಳಗಿಂದ ಕೈ ತೆಗೆದು ನೋಡಿಕೊಂಡು, "ಹಂಗಾದ್ರೆ ನನ್ ಕೈಯಲ್ಲ" ಎಂದ. ಮೂರು ದಿನದಿಂದ ಅವನೂ ಅದನ್ನು ನಂಬಿಬಿಟ್ಟಿದ್ದ ಎಂದು ನನಗೆ ಆಗ ಗೊತ್ತಾಯಿತು.

ಅಲ್ಲಿಂದಲೇ ಚೈತನ್ಯನಿಗೆ ಫೋನು ಮಾಡಿದೆ. ಅವನು ನಕ್ಕ. "ನೀನೂ ನಿಮ್ಮಪ್ಪನ ಮಗ ತಾನೇ ಮಗಾ. ನಿಂಗೂ ಬಂದೈತೆ ಅಷ್ಟೆ, ಫ್ಯಾಮಿಲಿ ಪ್ರಾಬ್ಲಮ್ಮು." ಕಾರಣ ತೋರಿಸು, ಕತೆ ಹೇಳಬೇಡ ಎಂದು ಫೋನಿಟ್ಟ.

ಸರಿ, ಕಾರಣವನ್ನೇ ತೋರಿಸುತ್ತೇನೆ ಎಂದುಕೊಂಡು ಶೆಡ್ಡಿಗೆ ತಂದೆ.

ಗಾಡಿಯ ಮುಂಚಕ್ರ ನಡುಗುವುದಕ್ಕೆ ನೂರು ಕಾರಣ ಇರುತ್ತವೆ. ಎತ್ತರ ಮಾಡಿದ ಗಾಡಿಗೆ ಇನ್ನೂ ಹತ್ತು ಜಾಸ್ತಿ. ಸೈಕಲ್ಲಿನ ಮುಂದಿನ ಫೋರ್ಕು ಓರೆಯಾಗಿ ಇರುತ್ತದಲ್ಲ, ಆ ಓರೆ ಇರುವುದರಿಂದಲೇ ಕೈ ಬಿಟ್ಟರೂ ಚಕ್ರ ನೆಟ್ಟಗೆ ಹೋಗುತ್ತದೆ. ಗಾಡಿಗೂ ಹಾಗೇ ಒಂದು ಓರೆ ಇದೆ. ನಾಲ್ಕು ಇಂಚು ಎತ್ತಿದರೆ ಅದು ಕಡಿಮೆಯಾಗುತ್ತದೆ, ಚಕ್ರಕ್ಕೆ ನೆಟ್ಟಗೆ ನಿಲ್ಲುವ ಬುದ್ಧಿ ಹೋಗುತ್ತದೆ. ಆದರೆ ಎತ್ತರ ಮಾಡಿಸಿ ಎಂಟು ತಿಂಗಳಾಗಿತ್ತು. ಏಳೂವರೆ ತಿಂಗಳು ನಡುಗದ್ದು ಈಗ ಏಕೆ ನಡುಗಬೇಕು? ಏನೋ ಒಂದು ಹೊಸದಾಗಿ ಕೆಟ್ಟಿರಬೇಕು. ಆ ಒಂದು ನನಗೆ ಸಾಯಂಕಾಲದೊಳಗೆ ಬೇಕಿತ್ತು.

ಅಪ್ಪನನ್ನು ಸ್ಟೀರಿಂಗಿಗೆ ಕೂರಿಸಿ, ಚಕ್ರ ನೆಲದ ಮೇಲಿರುವಾಗಲೇ ಅರ್ಧ ಗೇಣು ಎಡಕ್ಕೆ, ಅರ್ಧ ಗೇಣು ಬಲಕ್ಕೆ ತಿರುಗಿಸುತ್ತಿರು ಎಂದೆ. ನಾನು ಕೆಳಗೆ ಮಲಗಿ ಒಂದೊಂದೇ ಕೀಲನ್ನು ಅಂಗೈಯಲ್ಲಿ ಹಿಡಿದುಕೊಂಡೆ. ಸವೆದ ಕೀಲು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಟಿಕ್ ಎನ್ನುತ್ತದೆ. ಎರಡು ಮುಂಚಕ್ರಗಳನ್ನು ಜೋಡಿಸುವ ಟೈ ರಾಡಿನ ಎರಡೂ ತುದಿ ಹಿಡಿದೆ. ಗಟ್ಟಿ. ಆಕ್ಸಲನ್ನು ಚಾಸಿಗೆ ಕಟ್ಟಿರುವ ಅಡ್ಡಸಲಾಕೆಯ ಬೋಲ್ಟು ಹಿಡಿದೆ. ಗಟ್ಟಿ. ಸ್ಟೀರಿಂಗು ಪೆಟ್ಟಿಗೆಯೂ ಗಟ್ಟಿ. ಹೊಟ್ಟೆ ಉರಿಯಿತು. ಗಾಡಿ ಗಟ್ಟಿಯಾಗಿದೆ ಎಂದು ಹೊಟ್ಟೆ ಉರಿದುಕೊಂಡ ಮೆಕ್ಯಾನಿಕ್ಕು ಲೋಕದಲ್ಲಿ ನಾನೊಬ್ಬನೇ ಇರಬೇಕು.

ಮೇಲಿನಿಂದ ಅಪ್ಪ ಸಿಕ್ಕಿತೇನೋ ಎಂದು ಐದೈದು ನಿಮಿಷಕ್ಕೆ ಕೇಳುತ್ತಿದ್ದ. ಇಲ್ಲ ಎಂದಾಗಲೆಲ್ಲ ಮತ್ತೆ ತಿರುಗಿಸುತ್ತಿದ್ದ.

ಹನ್ನೊಂದಕ್ಕೆ ಜಾಕ್ ಹಾಕಿ ಮುಂಭಾಗ ಎತ್ತಿದೆ. ಟಯರಿನ ಕೆಳಗೆ ಸಲಾಕೆ ಕೊಟ್ಟು ಮೀಟಿದೆ, ಚಕ್ರ ಎಡಬಲ ತಿರುಗುವ ಗೂಟ, ಕಿಂಗ್‌ಪಿನ್, ಅಲ್ಲಾಡಲಿಲ್ಲ. ಮೇಲೆ ಕೆಳಗೆ ಹಿಡಿದು ಜಗ್ಗಿದೆ, ಬೇರಿಂಗು ಅಲ್ಲಾಡಲಿಲ್ಲ. ಟಯರು ಬ್ಯಾಲೆನ್ಸು ತಪ್ಪಿರಬಹುದು ಎಂದು ಚಿಕ್ಕಬಳ್ಳಾಪುರದ ಅಲೈನ್‌ಮೆಂಟ್ ಅಂಗಡಿಗೆ ಫೋನು ಮಾಡಿದರೆ, ಆ ಸೈಜಿನ ಟಯರು ನಮ್ಮ ಮೆಶೀನಿಗೆ ಕೂರುವುದಿಲ್ಲ ಎಂದರು. ಹಳೆಯ ಕಾಲದವರ ಹಾಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೈಯಲ್ಲೇ ತಿರುಗಿಸಿ ಬಿಟ್ಟೆ. ಒಂದು ಕಡೆ ಭಾರ ಇದ್ದರೆ ಪ್ರತಿ ಸಲವೂ ಆ ಕಡೆಯೇ ಕೆಳಗೆ ಬಂದು ನಿಲ್ಲಬೇಕು. ಗುರುತು ಒಂದು ಸಲ ಮೇಲೆ ನಿಂತಿತು, ಒಂದು ಸಲ ಪಕ್ಕಕ್ಕೆ, ಒಂದು ಸಲ ಕೆಳಗೆ. ಬ್ಯಾಲೆನ್ಸೂ ಸರಿ ಇದೆ ಎಂದುಕೊಂಡು ಸಲಾಕೆಯನ್ನು ಮೂಲೆಗೆ ಎಸೆದೆ. ಅಪ್ಪ ಬೆಚ್ಚಿಬಿದ್ದ. ಹೋಗಿ ಊಟ ಮಾಡಿಕೊಂಡು ಬಾ ಎಂದು ಅವನನ್ನು ಬೈದು ಹೋಟೆಲಿಗೆ ಕಳಿಸಿದೆ.

ಒಬ್ಬನೇ ಕೂತು ಸುಮ್ಮನೆ ಮತ್ತೊಮ್ಮೆ ಚಕ್ರಗಳನ್ನು ತಿರುಗಿಸಿದೆ. ಎಡಗಡೆಯದು ಸುತ್ತಿ ಸುತ್ತಿ ನಿಂತಿತು. ಬಲಗಡೆಯದು ಎರಡೇ ಸುತ್ತಿಗೆ ನಿಂತಿತು. ಮತ್ತೆ ತಿರುಗಿಸಿದೆ. ಮತ್ತೆ ಎರಡೇ ಸುತ್ತು, ಯಾರೋ ಒಳಗಿಂದ ಹಿಡಿದುಕೊಂಡ ಹಾಗೆ. ಬ್ರೇಕು ಹಿಡಿದುಕೊಂಡಿದೆ, ಸಿಕ್ಕಿತು ಎಂದು ನಟ್ಟು ಬಿಚ್ಚಿ ಚಕ್ರ ಎಳೆದೆ. ಆ ಟಯರಿನ ತೂಕ ನನಗೆ ಗೊತ್ತು, ಹಾಕಿಸಿದ ಹೊಸದರಲ್ಲಿ ಒಬ್ಬನೇ ಎತ್ತಿದ್ದೇನೆ. ಈಗ ಅದು ನನ್ನ ಕೈಯಿಂದ ಕಿತ್ತುಕೊಂಡು ಮೊಣಕಾಲಿಗೆ ಬಡಿದು ನೆಲಕ್ಕೆ ಬಿತ್ತು. ಬಿದ್ದ ಮೇಲೂ ಅದರೊಳಗೆ ಏನೋ ಗುಳುಗುಳು ಎಂದು ಓಡಾಡಿತು.

ಟಯರಿಗೆ ಕಿವಿ ಇಟ್ಟು ಅಲ್ಲಾಡಿಸಿದೆ. ಬಿಂದಿಗೆಯ ಸದ್ದು.

ನೆಟ್ಟಗೆ ನಿಲ್ಲಿಸಿ, ಗಾಳಿ ಹಾಕುವ ವಾಲ್ವನ್ನು ಕೆಳಕ್ಕೆ ತಂದು ಪಿನ್ನು ಒತ್ತಿದೆ. ಮುಖಕ್ಕೆ ನೀರು ಚಿಮ್ಮಿತು. ರಬ್ಬರಿನ ವಾಸನೆಯ ಬೆಚ್ಚನೆ ನೀರು.

ಟ್ರ್ಯಾಕ್ಟರಿನ ಹಿಂದಿನ ಟಯರಿಗೆ ನೀರು ತುಂಬುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಗದ್ದೆಯಲ್ಲಿ ಜಾರಬಾರದು, ಭಾರ ಕೂತು ಹಿಡಿತ ಸಿಗಲಿ ಎಂದು. ಗಂಟೆಗೆ ಮೂವತ್ತು ಕಿಲೋಮೀಟರೂ ಹೋಗದ ಗಾಡಿಗೆ ಅದು ಸರಿ. ರಸ್ತೆಯಲ್ಲಿ ಓಡುವ ಗಾಡಿಯ ಮುಂಚಕ್ರಕ್ಕೆ, ಅದೂ ಒಂದೇ ಚಕ್ರಕ್ಕೆ ಹಾಕಿದರೆ, ಗುಂಡಿ ಸಿಕ್ಕಿದಾಗ ಆ ನೀರು ಒಳಗೆ ಎಲ್ಲಿಂದೆಲ್ಲಿಗೋ ಎಗರುತ್ತದೆ, ಚಕ್ರ ಅದರ ಹಿಂದೆ ಎಗರುತ್ತದೆ. ಹೈವೇ ನುಣ್ಣಗಿತ್ತು, ಅದಕ್ಕೇ ಚೈತನ್ಯನಿಗೆ ಏನೂ ಆಗಲಿಲ್ಲ. ಚಕ್ರ ಎರಡೇ ಸುತ್ತಿಗೆ ನಿಂತದ್ದೂ, ಸೀಮೆಸುಣ್ಣದ ಗುರುತು ಎಲ್ಲೆಲ್ಲೋ ನಿಂತದ್ದೂ ಆ ನೀರಿಂದಲೇ. ನೀರು ಯಾವಾಗಲೂ ಕೆಳಗೇ ಇರುತ್ತದೆ, ಅದಕ್ಕೆ ಯಾವ ಕಡೆಯಾದರೇನು?

ವಾಲ್ವು ಬಿಗಿಮಾಡಿ ಮಿಕ್ಕ ನೀರನ್ನು ಅಲ್ಲೇ ಉಳಿಸಿದೆ. ರಮೇಶ್‌ಬಾಬು ಕಣ್ಣಿಗೆ ತೋರಿಸಬೇಕಲ್ಲ. ಹದಿನೈದು ದಿನದ ಹಿಂದೆ ಹಿಪ್ಪುನೇರಳೆ ತೋಟದಲ್ಲಿ ಕೊಯ್ದ ಕಡ್ಡಿ ಚುಚ್ಚಿ ಬಲಗಡೆ ಟಯರು ಪಂಕ್ಚರಾಗಿತ್ತು, ಕೆಂಚಾರ್ಲಹಳ್ಳಿಯ ರಾಮಾಂಜಿನಪ್ಪನ ಹತ್ತಿರ ಹಾಕಿಸಿದೆ ಎಂದು ಅಪ್ಪ ಅಂದದ್ದು ನೆನಪಾಯಿತು. ಅಲ್ಲಿಂದ ಗುರುವಾರದವರೆಗೆ ಗೂಡಿನ ಲೋಡು ಇರಲಿಲ್ಲ, ಗಾಡಿ ತೋಟದಲ್ಲೇ ಮೆಲ್ಲಗೆ ಓಡಾಡಿತ್ತು. ರಾಮಾಂಜಿನಪ್ಪ ಬದುಕೆಲ್ಲ ಟ್ರ್ಯಾಕ್ಟರಿನ ಟಯರನ್ನೇ ನೋಡಿದವನು. ದಪ್ಪ ಹಲ್ಲಿನ ಟಯರು ಕಂಡು ರೂಢಿಯ ಮೇಲೆ ಪೈಪು ಸಿಕ್ಕಿಸಿದ್ದಾನೆ, ಕತ್ತೆ. ಅವನ ಕುತ್ತಿಗೆಪಟ್ಟಿ ಹಿಡಿದು ತಂದು ರಮೇಶ್‌ಬಾಬು ಮುಂದೆ ನಿಲ್ಲಿಸಬೇಕೆಂದು ಬೈಕು ಹತ್ತಿದೆ. ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾದ ಮಾತುಗಳನ್ನು ಹಲ್ಲಿನೊಳಗೆ ಅಗಿಯುತ್ತಾ ಹೋದೆ.

ರಾಮಾಂಜಿನಪ್ಪ ಅಂಗಡಿಯ ಮುಂದೆ ನೀರಿನ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ನಾನು ಕೂಗಾಡಿದ್ದನ್ನೆಲ್ಲ ಟ್ಯೂಬು ಬಿಡದೆ ಕೇಳಿದ.

"ಏಮಪ್ಪಾ ಮಧು, ಕೇಳ್ದೆ ಯಾಕಪ್ಪ ನಾನು ನೀರ್ ಹಾಕ್ಲಿ?" ಎಂದ. "ನಿಮ್ಮಪ್ಪನೇ ಹೇಳಿದ್ದು. ಟ್ರ್ಯಾಕ್ಟರಿಗೆ ಹಾಕ್ದಂಗೇ ಹಾಕು, ಎತ್ರ ಮಾಡಿದ್ಮೇಲೆ ಮುಂದ್ಗಡೆ ಹಗುರ ಆಗೈತೆ, ತೋಟದ ಏರಲ್ಲಿ ಹಿಡಿಯಲ್ಲ ಅಂದ. ರೋಡಿನ ಗಾಡಿಗೆ ಬೇಡ ಕಣಣ್ಣ ಅಂದೆ. ನೀನು ಹುಟ್ಟೋಕ್ಮುಂಚಿಂದ ಸ್ಟೀರಿಂಗ್ ಹಿಡ್ದಿದೀನಿ, ಹಾಕೋ ಅಂದ."

ಒಂದೇ ಟಯರಿಗೆ ಏಕೆ ಹಾಕಿದೆ ಎಂದೆ.

"ಎರಡಕ್ಕೂ ಹಾಕ್ತಿದ್ದೆ. ಒಂದಕ್ಕೆ ಅರ್ಧ ತುಂಬೋ ಹೊತ್ಗೆ ಕರೆಂಟ್ ಹೋಯ್ತು, ಮೋಟ್ರು ನಿಂತೋಯ್ತು. ನಾಳೆ ಬರ್ತೀನಿ ಅಂತ ಹೋದ. ಬರ್ಲೇ ಇಲ್ಲ."

ನಾನು ಅವನ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅವನು ಕುಡಿಯಲು ನೀರು ಕೊಟ್ಟ. ಕುಡಿಯದೆ ಆ ಚೊಂಬನ್ನು ಕಟ್ಟೆಯ ಮೇಲಿಟ್ಟು ಬೈಕು ಹತ್ತಿದೆ.

ವಾಪಸು ಬಂದಾಗ ಮೂರೂವರೆ. ಅಪ್ಪ ಬಿಚ್ಚಿದ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ನೆಲದ ಮೇಲೆ ಹರಡಿದ್ದ ಒದ್ದೆಯನ್ನು ನೋಡುತ್ತಿದ್ದ. ನಾನು ಎಲ್ಲಿಗೆ ಹೋಗಿದ್ದೆ ಎಂದು ಅವನು ಕೇಳಲಿಲ್ಲ. ರಾಮಾಂಜಿನಪ್ಪ ಏನು ಹೇಳಿದ ಎಂದು ನಾನೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ನಾನು ಬೈಯಲು ಶುರುಮಾಡಿದೆ. ಮೊದಲು ಅವನನ್ನು, ಆಮೇಲೆ ಚೈತನ್ಯನನ್ನು. ಅವನು ಎತ್ತರ ಮಾಡಿಸದೆ ಇದ್ದಿದ್ದರೆ ಮುಂಭಾಗ ಹಗುರ ಆಗುತ್ತಿರಲಿಲ್ಲ, ನೀರು ಹಾಕಿಸುವ ಯೋಚನೆಯೂ ನಿನಗೆ ಬರುತ್ತಿರಲಿಲ್ಲ. ಅರ್ಧ ತಪ್ಪು ಅವನದು. ರಮೇಶ್‌ಬಾಬು ಮುಂದೆ ನಾನು ಇದನ್ನು ಬಿಡಿಸಿ ಹೇಳುತ್ತೇನೆ, ನೀನು ಬಾಯಿ ಮುಚ್ಚಿಕೊಂಡಿರು ಎಂದೆ. ಅಪ್ಪ ತಲೆಯಾಡಿಸಿದ.

"ಬೇಡ. ಕೈ ಅಂತಲೇ ಹೇಳ್ಬಿಡು."

ನನಗೆ ಅರ್ಥವಾಗಲಿಲ್ಲ.

"ಕೈ ನಡುಗ್ತು ಅಂದ್ರೆ ವಯಸ್ಸಾಯ್ತು ಅಂತಾರೆ ಕಣೋ. ಅಷ್ಟೇ. ಆಸ್ಪತ್ರೇಲಿ ಕದಿರಮ್ಮ ಏನಂದ್ಲು ಗೊತ್ತಾ? ಬಿಡು ರಾಯಪ್ಪ, ನಂಗೂ ಕಣ್ಣು ಹೋಯ್ತು, ನಿಂಗೂ ಕೈ ಹೋಯ್ತು ಅಂದ್ಲು. ಆ ಮುರುದ ಕೈಯಲ್ಲೇ ನನ್ ಬೆನ್ನು ಸವರೋಕ್ ಬಂದ್ಲು." ಅಪ್ಪ ಟಯರಿನ ಹಲ್ಲುಗಳಿಂದ ಮಣ್ಣು ಕೀಳುತ್ತಿದ್ದ. "ಟಯರಿಗೆ ನೀರು ಹಾಕ್ಸಿ ನಿನ್ನ ಕೈ ಮುರುದೆ ಕಣಮ್ಮ ಅಂತ ಯಾವ್ ಮುಖ ಇಟ್ಕೊಂಡು ಹೇಳ್ಲಿ?"

ಕೆಲಸ ಹೋಗುತ್ತದೆ, ಇನ್ನು ಯಾರೂ ನಿನ್ನ ಕೈಗೆ ಗಾಡಿ ಕೊಡುವುದಿಲ್ಲ ಎಂದೆ. ಗೊತ್ತು ಎಂದ. ತಪ್ಪನ್ನು ರಾಮಾಂಜಿನಪ್ಪನ ಮೇಲೆ ಹಾಕೋಣ, ಎಲ್ಲರೂ ನಂಬುತ್ತಾರೆ ಎಂದೆ. ನಾಚಿಕೆಯಿಲ್ಲದೆ ಹೇಳಿದೆ, ನನಗೆ ಅಪ್ಪ ಬೇಕಾಗಿತ್ತು. ಅವನು ಹಂಗೆ ಹೇಳ್ಬೇಡವೋ ಎನ್ನುವ ಹಾಗೆ ನನ್ನ ಮುಖ ನೋಡಿದ. ಆಮೇಲೆ ತಾನೇ ಎದ್ದು ವಾಲ್ವನ್ನು ಕೆಳಕ್ಕೆ ತಿರುಗಿಸಿ, ಅದರ ಪಿನ್ನನ್ನು ಪೂರ್ತಿ ಬಿಚ್ಚಿಬಿಟ್ಟ. ನಾನು ಬೆಳಗ್ಗೆಯಿಂದ ಹುಡುಕಿದ ಸಾಕ್ಷಿ ಶೆಡ್ಡಿನ ಬಾಗಿಲು ದಾಟಿ ಚರಂಡಿಗೆ ಹೋಯಿತು. ತಡೆಯಬಹುದಿತ್ತು. ಒಂದು ಹೆಬ್ಬೆರಳು ಒತ್ತಿದ್ದರೆ ಸಾಕಿತ್ತು. ಅವನನ್ನು ಆಚೆ ತಳ್ಳಿ ಒತ್ತಬೇಕಾಗಿತ್ತು. ತಳ್ಳಲು ನನ್ನ ಕೈ ಬರಲಿಲ್ಲ.

ನೀರು ಖಾಲಿಯಾದ ಮೇಲೆ ಗಾಳಿ ಹಾಕಿ, ಇಬ್ಬರೂ ಸೇರಿ ಚಕ್ರ ಕೂರಿಸಿ, ನಟ್ಟು ಬಿಗಿದೆವು. ಅಪ್ಪ ಒಂದೊಂದು ನಟ್ಟನ್ನೂ ಎರಡೆರಡು ಸಲ ನೋಡಿದ. ಇನ್ನೊಬ್ಬರು ಓಡಿಸುವ ಗಾಡಿ, ಸಡಿಲ ಇರಬಾರದು ಎಂದ.

ಐದಕ್ಕೆ ರಮೇಶ್‌ಬಾಬು ಬಂದರು, ಜೊತೆಯಲ್ಲಿ ಚೈತನ್ಯ. ಬಾಗಿಲಲ್ಲೇ ನಿಂತು ಪಂಚೆ ಎತ್ತಿಕೊಂಡು ನೆಲ ನೋಡಿದರು.

"ಗಾಡಿ ತೊಳುದ್ರಾ?"

"ಹೂಂ ಬಾಬಣ್ಣ," ಎಂದ ಅಪ್ಪ. "ತೊಳುದ್ವಿ."

ರಮೇಶ್‌ಬಾಬು ನನ್ನ ಕಡೆ ತಿರುಗಿದರು. ಏನಾದರೂ ಸಿಕ್ಕಿತೇ ಎಂದು ಕೇಳಿದರು. ಅವರ ದನಿಯಲ್ಲಿ ಕುಹಕ ಇರಲಿಲ್ಲ. ಸಿಕ್ಕಿದ್ದರೆ ಒಳ್ಳೆಯದಿತ್ತು ಎನ್ನುವಂತೆ ಕೇಳಿದರು, ಅದೇ ನನ್ನನ್ನು ಕೊಂದದ್ದು. ಕುಹಕವಾಡಿದ್ದರೆ ಎಲ್ಲವನ್ನೂ ಅವರ ಮುಖಕ್ಕೆ ಎಸೆದುಬಿಡುತ್ತಿದ್ದೆ. ಅಪ್ಪ ಅವರ ಹಿಂದೆ ನಿಂತಿದ್ದ. ನನ್ನನ್ನು ನೋಡುತ್ತಿರಲಿಲ್ಲ, ಗಾಡಿಯನ್ನು ನೋಡುತ್ತಿದ್ದ.

"ಏನೂ ಸಿಗ್ಲಿಲ್ಲ," ಎಂದೆ.

ಚೈತನ್ಯ ನಾನು ಹೇಳಲಿಲ್ಲವೇ ಎನ್ನುವಂತೆ ಅವರಪ್ಪನನ್ನು ನೋಡಿದ. ನನ್ನ ಕೈಯಲ್ಲಿ ಇಪ್ಪತ್ತೊಂದರ ಸ್ಪ್ಯಾನರಿತ್ತು. ಅದನ್ನು ಟೂಲ್ ಪೆಟ್ಟಿಗೆಯೊಳಗೆ ಇಟ್ಟು, ಪೆಟ್ಟಿಗೆ ಮುಚ್ಚಿ, ಅದರ ಮೇಲೆ ಕೂತೆ. ರಮೇಶ್‌ಬಾಬು ಅಪ್ಪನ ಭುಜ ಹಿಡಿದು, ಮನೆಗೆ ಬಂದು ಹೋಗುತ್ತಿರು, ಅಮ್ಮ ಕೇಳುತ್ತಿರುತ್ತಾಳೆ ಎಂದರು. ಅಪ್ಪ ಹೂಂ ಎಂದ. ಗಾಡಿ ಹೊರಟಿತು.

ಮಂಗಳವಾರ ಮಧ್ಯಾಹ್ನ ಸಿದ್ಧಾರ್ಥ್ ಗೂಡಿನ ಲೋಡು ಇಳಿಸಿ ಮಾರ್ಕೆಟ್ಟಿನಿಂದ ವಾಪಸು ಹೋಗುವಾಗ ನನ್ನ ಶೆಡ್ಡಿನ ಮುಂದೆ ನಿಲ್ಲಿಸಿದ. ಗಾಳಿ ನೋಡಬೇಕಿತ್ತಂತೆ. ಪಕ್ಕದ ಟೀ ಅಂಗಡಿಯಲ್ಲಿ ಐದಾರು ಜನ ಇದ್ದರು, ಎಲ್ಲರೂ ಡ್ರೈವರುಗಳೇ. ಗಾಡಿ ಹೆಂಗಿದೆ, ನಡುಗುತ್ತಾ ಎಂದು ಒಬ್ಬ ಕೇಳಿದ.

"ಎಲ್ಲಿ ನಡುಗ್ತೈತೆ? ಆ ಗುಂಡಿ ರೋಡಲ್ಲೇ ಐವತ್ತೈದು ಅರವತ್ತರಲ್ಲಿ ಬಂದೆ, ಬೆಣ್ಣೆ ಥರ ಬಂತು. ಮಧು ಅಣ್ಣ ಏನೂ ಮುಟ್ಟಿಲ್ಲ ಅಂತೆ. ಮುಟ್ಟೋಕೆ ಏನೈತೆ? ಗಾಡಿ ಫಸ್ಟ್ ಕ್ಲಾಸು."

ಒಬ್ಬ ಶೆಡ್ಡಿನ ಒಳಗೆ ಇಣುಕಿ ನೋಡಿ ತಲೆ ತಗ್ಗಿಸಿದ. ಒಳಗೆ ಅಪ್ಪ ಹಳೆಯ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ, ಅವನ ಕೈಯಲ್ಲಿ ಒಂದು ಹನಿಯೂ ತುಳುಕುತ್ತಿರಲಿಲ್ಲ. ಆ ನೀರನ್ನು ಟಯರಿನಲ್ಲೇ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಸಿದ್ಧಾರ್ಥನೂ ಬದುವಿನಲ್ಲಿ ಇರುತ್ತಿದ್ದ, ಅಪ್ಪನ ಕೈ ಎಲ್ಲರ ಬಾಯಲ್ಲೂ ಗಟ್ಟಿಯಾಗಿರುತ್ತಿತ್ತು. ಹಾಗೆ ಯೋಚಿಸಿದೆ. ಯೋಚಿಸಿದ್ದಕ್ಕೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸಿತು.

ಸಿದ್ಧಾರ್ಥ್ ಹಾರ್ನ್ ಒತ್ತಿದ. ನಾನು ಕಂಪ್ರೆಸರಿನ ಪೈಪು ಎಳೆದುಕೊಂಡು ಹೋಗಿ, ಬಲಗಡೆ ಮುಂಚಕ್ರದ ಮುಂದೆ ಮಂಡಿಯೂರಿದೆ.

"ಎಷ್ಟಿರ್ಲಿ?" ಎಂದು ಕೇಳಿದೆ.

"ನಿಮಗೇ ಗೊತ್ತಲ್ಲಣ್ಣ," ಎಂದ ಅವನು.